ಮುಗಿಯದ ಪ್ರಾರ್ಥನೆ

ಹಂಚಿನ ಕಾರ್ಖಾನೆಯ ತುಕ್ರನಿಗೆ ಮೂಗಿನ ತುದಿಯಲ್ಲೇ ಕೋಪ. ಎಪ್ಪತ್ತೆಂಟನೇ ಇಸವಿಯಲ್ಲಿ, ಅಲ್ಲೇ ದುಡಿಯುತ್ತಿದ್ದ ಅವನ ಹೆಂಡತಿ ವಾರಿಜಾಕ್ಷಿ ಎದುರು ಮಾತಾಡಿದಳೆಂದು ಧಣಿ ಅವಳನ್ನು ಕೆಲಸದಿಂದ ತೆಗೆದಾಗ, ಎಲ್ಲರೂ ಗೇಟಿನೆದುರು ಮುಷ್ಕರ ಕೂತರು. ಪಕ್ಕದ ಇಗರ್ಜಿಯ ಪಾದ್ರಿ ಫಾದರ್ ವಲೇರಿಯನ್ನರೂ ಬಂದು ಕೂತರು.

“ಪಾದ್ರಿಗಳಿಗೆ ಮುಷ್ಕರದ್ದು ಎಂತ ಗೊತ್ತುಂಟು ಮಾರಾಯ!” ಎಂದು ತುಕ್ರ ಗೊಣಗಿದ.

ಮಧ್ಯಾಹ್ನ ಧಣಿಯ ಕಾರು ಬರುವಾಗಲೇ ಇಗರ್ಜಿಯ ಗಂಟೆ ಹೊಡೆಯಿತು. ಗಂಟೆ ಕೇಳಿದಲ್ಲೇ ನಿಂತು, ಪ್ರಾರ್ಥನೆ ಮುಗಿಯುವ ತನಕ ಕದಲದಿರುವುದು ಕೆಥೊಲಿಕರ ಪದ್ಧತಿ, ಧಣಿಯೂ ಕೆಥೊಲಿಕರೇ. ಅವರು ಇಳಿದು ಬಿಸಿಲಲ್ಲಿ ಕೈಮುಗಿದರು. ಪ್ರಾರ್ಥನೆ ಶುರುಮಾಡಿದ ಫಾದರ್ ನಿಲ್ಲಿಸಲೇ ಇಲ್ಲ. ರೋಗಿಗಳಿಗಾಗಿ, ಮಣ್ಣು ಹೊರುವವರಿಗಾಗಿ, ಕೊನೆಗೆ ವಾರಿಜಾಕ್ಷಿಗಾಗಿ ಬೇಡಿದರು. ಧಣಿಯ ಬೋಳುತಲೆಯಿಂದ ಬೆವರು ಧಾರೆಯಾಗಿ ಇಳಿಯಿತು.

“ಆಯ್ತು ಫಾದರ್, ಅವಳು ನಾಳೆಯಿಂದ ಬರಲಿ. ಒಮ್ಮೆ ಮುಗಿಸಿ!”

“ಆಮೆನ್,” ಎಂದರು ಫಾದರ್.

ತುಕ್ರ ಮುಷ್ಟಿ ಎತ್ತಿ ಗಂಟಲು ಹರಿಯುವಂತೆ “ಆಮೆನ್!” ಎಂದು ಕೂಗಿದ. ಆಮೇಲೆ ಸಂಘದ ಸಭೆಗಳಲ್ಲೂ ಜಿಂದಾಬಾದ್ ಅವನ ಬಾಯಿಗೆ ಬರಲೇ ಇಲ್ಲ.