ಚಂದ್ರಿಕೆಯ ಸುತ್ತುಗಳು

ಸುಗಟೂರಿನಲ್ಲಿ, ನಾನು ಚಿಕ್ಕವನಿದ್ದಾಗ, ನಮ್ಮ ಮನೆಯಲ್ಲಿ ನಮಗಿಂತ ರೇಷ್ಮೆಹುಳುಗಳಿಗೇ ಹೆಚ್ಚು ಜಾಗವಿತ್ತು. ಅವು ನಡುಮನೆಯಲ್ಲಿ, ನಾವು ಜಗಲಿಯಲ್ಲಿ. ಆ ದಿನ ಬೆಳಗ್ಗೆ ಹುಳುಗಳು ಹಣ್ಣಾಗಿದ್ದವು. ಹಣ್ಣಾದ ಹುಳು ಸೊಪ್ಪು ಮುಟ್ಟುವುದಿಲ್ಲ. ಮೈ ಹಳದಿಯಾಗಿ, ತಲೆ ಎತ್ತಿ, ಗೂಡು ಕಟ್ಟಲು ಜಾಗ ಹುಡುಕುತ್ತಾ ತಟ್ಟೆಯ ತುಂಬ ಅಲೆಯುತ್ತದೆ. ಅಂಥ ದಿನ ಮನೆಯವರು ಯಾರೂ ಊರು ಬಿಡುತ್ತಿರಲಿಲ್ಲ.

ಅಪ್ಪನೂ ಹಾಗೇ ಅಲೆಯುತ್ತಿದ್ದರು. ಅವರು ನೌಕಾಪಡೆಯ ಅಧಿಕಾರಿ, ರಜೆಗೆ ಬಂದಿದ್ದರು. ಅಲುಗಾಡದ ನೆಲದ ಮೇಲೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದರು. ರೇಡಿಯೋದಲ್ಲಿ ಯುದ್ಧದ ಮಾತು ಕೇಳಿದಾಗಿನಿಂದ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೀದಿಗೆ ಹೋಗಿ ಅಂಚೆಯವನು ಬಂದನೇ ಎಂದು ನೋಡುವುದು, ಒಳಗೆ ಬಂದು ನಾಲ್ಕು ಹುಳು ಆರಿಸುವುದು, ಮತ್ತೆ ಏಳುವುದು.

"ಏನ್ಲಾ, ಬೀದಿ ಸುತ್ತಿದ ಕೈಲಿ ಹುಳ ಮುಟ್ತೀಯಾ? ತೊಳ್ಕೊಂಡ್ ಬಾ ಹೋಗು," ಅಂದರು ಅಜ್ಜಿ. ಹಡಗಿನಲ್ಲಿ ಆಜ್ಞೆ ಕೊಡುತ್ತಿದ್ದ ಅಪ್ಪ ಸುಮ್ಮನೆ ಬಚ್ಚಲಿಗೆ ಹೋದರು. "ಕೆರೆಗೆ ಇಳಿಯೋಕೆ ಅಳ್ತಿದ್ದೋನು, ಸಮುದ್ರ ಕಾಯ್ತಾನಂತೆ," ಎಂದು ಅಜ್ಜಿ ಗೊಣಗಿದಾಗ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ನಾನು ಅಪ್ಪನ ಪಕ್ಕದಲ್ಲೇ ಕೂತೆ. "ಗೂಡು ಬಿಡಿಸೋವರೆಗೂ ಇರ್ತೀರ ಅಲ್ವಾ?" ಎಂದು ಕೇಳಿದೆ. ಅಪ್ಪ ಚಂದ್ರಿಕೆಯನ್ನು ಹತ್ತಿರಕ್ಕೆ ಎಳೆದರು. ಹುಳು ಗೂಡು ಕಟ್ಟಲು ಬಿಡುವ ದೊಡ್ಡ ಬಿದಿರಿನ ತಟ್ಟಿ ಅದು. ಅದರ ಮೇಲೆ ಬಿದಿರಿನ ಪಟ್ಟಿ ನಡುವಿನಿಂದ ಸುತ್ತುತ್ತಾ ಸುತ್ತುತ್ತಾ ಅಂಚಿಗೆ ಬರುತ್ತದೆ.

"ಶತ್ರುವಿನ ಜಲಾಂತರ್ಗಾಮಿ ನೀರೊಳಗೆ ಮರೆಯಾಯ್ತು ಅಂದ್ಕೋ. ಕೊನೇ ಸಲ ಕಂಡ ಜಾಗ ಇದು," ಎಂದು ನಡುವೆ ಬೆರಳಿಟ್ಟರು. "ಇಲ್ಲಿಂದ ಹೀಗೇ ಸುತ್ತು ದೊಡ್ಡದು ಮಾಡ್ತಾ ಹುಡುಕ್ತೀವಿ. ಅದೂ ನಮ್ಮನ್ನ ಹುಡುಕ್ತಿರುತ್ತೆ."

"ಸಿಗದೆ ಇದ್ರೆ?"

"ಇನ್ನೊಂದು ಸುತ್ತು ಕಣೋ."

ಅವರ ಬೆರಳು ಅಂಚು ಮುಟ್ಟುವ ಮೊದಲೇ ಬಾಗಿಲಲ್ಲಿ ಸೈಕಲ್ ಗಂಟೆ ಕೇಳಿಸಿತು. ರಜೆ ರದ್ದಾಗಿದೆ ಎಂಬ ತಂತಿ ಬಂದಿತ್ತು. ಅಜ್ಜಿಗೆ ಎದ್ದು ಬರಲಾಗಲಿಲ್ಲ, ಅವರ ಮಡಿಲ ತುಂಬ ಹುಳು. "ಊಟ ಮಾಡ್ಕೊಂಡು ಹೋಗೋ," ಅಂದರು, ಅಷ್ಟೇ. ಅಪ್ಪ ಅನ್ನಕ್ಕೆ ಕಾಯದೆ ಕೋಲಾರದ ಬಸ್ಸು ಹತ್ತಿದರು. ನಾನು ಕೈ ತೊಳೆದುಕೊಂಡು ಒಳಗೆ ಬಂದೆ. ಹುಳುಗಳು ಇನ್ನೂ ತಲೆ ಆಡಿಸುತ್ತಿದ್ದವು.

ಆ ಯುದ್ಧದಲ್ಲಿ ಅಪ್ಪನ ಹಡಗು ಮುಳುಗಿತು. ನಾವು ಗೂಡು ಬಿಡಿಸಿ ಮಾರಿ, ನಡುಮನೆಯನ್ನು ಸುಣ್ಣದ ನೀರಿನಲ್ಲಿ ತೊಳೆಯುತ್ತಿದ್ದಾಗ ಸುದ್ದಿ ಬಂತು. ಕೆಲವರು ಈಜಿ ಬದುಕಿದರಂತೆ, ಅವರಲ್ಲಿ ಅಪ್ಪನ ಹೆಸರಿರಲಿಲ್ಲ. ಅಜ್ಜಿ ತುಂಬ ವರ್ಷ, ಬೀದಿಯಲ್ಲಿ ಸೈಕಲ್ ಗಂಟೆ ಕೇಳಿದರೆ ಕೈಯ ಕೆಲಸ ಬಿಟ್ಟು ಏಳುತ್ತಿದ್ದರು.

ಈಗ ನಡುಮನೆಯಲ್ಲಿ, ಮೊಮ್ಮಕ್ಕಳೇ, ನಿಮ್ಮ ಮಂಚಗಳಿವೆ. ಹುಳುವಿಗೆ ಹೊರಗೆ ಬೇರೆ ಶೆಡ್ಡು, ಪ್ಲಾಸ್ಟಿಕ್ ಚಂದ್ರಿಕೆ. ನಿಮ್ಮಮ್ಮ ಹತ್ತಿದ ಬಸ್ಸು ಎಲ್ಲಿಗೆ ಬಂತೆಂದು ನೀವು ಫೋನಿನಲ್ಲಿ ನೋಡಿ ಹೇಳುತ್ತೀರಿ. ಮೊನ್ನೆ ಅದೇ ಫೋನಿನಲ್ಲಿ ನನಗೆ ಸಮುದ್ರ ತೋರಿಸಿ, "ತಾತ, ಮುತ್ತಾತನ್ನ ಎಲ್ಲಿ ಹುಡುಕೋಣ?" ಎಂದು ಕೇಳಿದಿರಿ. ನಾನು ನೀಲಿಯ ನಡುವೆ ಬೆರಳಿಟ್ಟು ಸುತ್ತಲು ಶುರು ಮಾಡಿದೆ.

ಅಪ್ಪನನ್ನು ಕೊನೆಯ ಸಲ ಕಂಡ ಜಾಗ ಯಾವುದೆಂದು ನಮಗೆ ಯಾರೂ ಹೇಳಿಲ್ಲ.