ಟವೆಲ್ಲಿನಲ್ಲಿ ಬಂದ ಉಡಿ

ಫೌಜಿಯ, ಅಂದರೆ ಸೈನಿಕನ, ಹೆಂಡತಿ ಎಂದು ಗೊತ್ತಾದ ಕೂಡಲೇ ಜನ ಎರಡು ಮಾತು ಆಡುತ್ತಾರೆ. ಒಂದು, "ಪುಣ್ಯಾ ಮಾಡೀದಿ ಬಿಡವ್ವಾ." ಇನ್ನೊಂದು, "ರಜಾ ಯಾವಾಗಂತ?" ನೀನು ಏನು ಮಾಡುತ್ತೀ ಎಂದು ಒಬ್ಬರೂ ಕೇಳುವುದಿಲ್ಲ. ನಾನು ಎಂ.ಎ. ಮಾಡುತ್ತಿದ್ದೆ! ರಾಯಚೂರಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು, ದಿನವೂ ಯರಗೇರಾ ಬಸ್ಸಿಗೆ ಜೋತುಬಿದ್ದು ಕ್ಯಾಂಪಸ್ಸಿಗೆ ಹೋಗಿ ಸಮಾಜಶಾಸ್ತ್ರ ಓದುತ್ತಿದ್ದೆ. ಕಾಲೇಜಿನಲ್ಲಿ ಪಾಠ ಹೇಳಬೇಕೆಂಬುದು ನನ್ನ ಹುಚ್ಚು. ಬರೆಯುವ ಪರೀಕ್ಷೆಗಳೆಲ್ಲ ಮುಗಿದಿದ್ದವು. ಉಳಿದದ್ದು ವೈವಾ ಒಂದೇ. ನಾನು ಬರೆದ ಪ್ರಬಂಧದ ಮೇಲೆ ಎದುರು ಕೂಡಿಸಿಕೊಂಡು ಪ್ರಶ್ನೆ ಕೇಳುತ್ತಾರೆ, ಅಷ್ಟೇ.

ಅಷ್ಟೇ ಎನ್ನುವ ಆ ವೈವಾ ಎರಡು ಸಲ ಕೈ ತಪ್ಪಿತ್ತು. ಒಮ್ಮೆ ಗಂಡನಿಗೆ ಕ್ವಾರ್ಟರ್ಸ್ ಸಿಕ್ಕಿತೆಂದು ಗಂಟುಮೂಟೆ ಕಟ್ಟಿಕೊಂಡು ಪಂಜಾಬಿಗೆ ಹೋದೆ. ಪಾತ್ರೆ ಜೋಡಿಸುವಷ್ಟರಲ್ಲಿ ಅವರಿಗೆ ಹೆಂಡತಿಯನ್ನು ಕರೆದೊಯ್ಯಲಾಗದ ಕಡೆಗೆ ಪೋಸ್ಟಿಂಗ್ ಬಂತು; ನಾನು ವಾಪಸು ಬರುವಷ್ಟರಲ್ಲಿ ವೈವಾ ಮುಗಿದಿತ್ತು. ಇನ್ನೊಮ್ಮೆ ಸರಿಯಾಗಿ ವೈವಾದ ವಾರವೇ ರಜೆಗೆ ಬಂದರು. ಮೂರನೇ ಸಲಕ್ಕೆ ವಿಭಾಗದ ಮೇಡಂ ಕನ್ನಡಕ ತೆಗೆದು ಹೇಳಿಬಿಟ್ಟರು: "ಇದು ಕೊನಿ ಸಲ ನೋಡವ್ವಾ. ತಪ್ಪಿದ್ರ ಮತ್ತ ಮೊದಲಿಂದ ಓದಬೇಕಾಗ್ತದ."

ಈ ಸಲವೂ ಅದೇ ವಾರ ಗಂಡನಿಗೆ ರಜೆ ಸಿಕ್ಕಿತು. ಯಾರಿಗೆ ಹೇಳೋಣ?

ರಜೆ ಎಂದರೆ ಗಂಡ ಮನೆಯಲ್ಲಿರುತ್ತಾನೆ ಎಂದುಕೊಂಡರೆ ತಪ್ಪು. ರಜೆ ಎಂದರೆ ಊಟ. ದೇವದುರ್ಗದ ಅತ್ತೆಯ ಮನೆಯಿಂದ ಶುರುವಾಗಿ, ನೆಂಟರು ಒಬ್ಬರಾದ ಮೇಲೊಬ್ಬರು ಕರೆಯುತ್ತಾರೆ. ಹೋಳಿಗೆ ಉಂಡು ಏಳುವ ಹೊತ್ತಿಗೆ ನನ್ನನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬುತ್ತಾರೆ: ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಶಿನ ಕೊಂಬು, ಅಡಿಕೆ, ಒಂದು ರವಿಕೆ ಖಣ. ತುಂಬಿದ ಉಡಿಯನ್ನು ಎಲ್ಲೂ ಕೆಳಗಿಡದೆ ಮನೆಗೆ ಒಯ್ಯಬೇಕು. ಗಡಿಯಲ್ಲಿರುವವನ ಹೆಂಡತಿಯ ಉಡಿ ಬರಿದಾಗಿರಬಾರದು ಎಂದು ಅವರ ನಂಬಿಕೆ. ಅದರಲ್ಲಿ ಪ್ರೀತಿ ಇದೆ, ಭಯವೂ ಇದೆ, ನನಗೇನು ತಿಳಿಯದೆ? ಆದರೂ ಸಾಕುಸಾಕಾಗಿ ಹೋಗಿತ್ತು.

ಮಾನ್ವಿಯಲ್ಲಿರುವ ಗಂಡನ ಚಿಗವ್ವ ಊಟಕ್ಕೆ ಕರೆದದ್ದು ವೈವಾದ ದಿನವೇ.

"ಒಂದ್ ದಿನ ಮುಂದಕ್ಕ ಹಾಕ್ಸಾಕ ಬರಂಗಿಲ್ಲೇನು?" ಎಂದರು ಗಂಡ, ಶೂ ಒರೆಸುತ್ತ.

ನನ್ನ ಮೈಯೆಲ್ಲ ಉರಿಯಿತು. "ನಿಮ್ಮ ಸಾಹೇಬ್ರಿಗೆ ಹಿಂಗ ಕೇಳ್ತೀರೇನು? ಇವತ್ತ ಊಟಕ್ಕ ಕರದಾರ, ಡ್ಯೂಟಿ ನಾಳಿಗಿ ಇಟ್ಕೋರಿ ಅಂತ?"

ಅವರು ಶೂ ಕೆಳಗಿಟ್ಟರು. "ಹಂಗಾದ್ರ ನಾ ಒಬ್ಬನ ಹೋಗಿ ಬರ್ತೀನಿ."

ಸುದ್ದಿ ಕೇಳಿದ ಅತ್ತೆ ಫೋನಿನಲ್ಲಿ, "ಹೆಂಡ್ತಿನ್ನ ಬಿಟ್ಟು ಒಬ್ಬನ ಉಣ್ಣಾಕ ಹೋದ್ರ ಮಂದಿ ಏನಂದಾರು ಬೇ?" ಎಂದರು. ಏನಾದರೂ ಅನ್ನಲಿ ಎಂದು ನಾನು ಬಸ್ಸು ಹತ್ತಿದೆ.

ಹೋಗಿ ನೋಡಿದರೆ ಪರವೂರಿನಿಂದ ಬರಬೇಕಾದ ಪರೀಕ್ಷಕರ ಪತ್ತೆಯೇ ಇಲ್ಲ. ಬಂದದ್ದು ಮಧ್ಯಾಹ್ನ. ಬಂದವರು ಊಟ ಮಾಡಿ, ಎಲಡಿಕೆ ಹಾಕಿಕೊಂಡು, ನಿಧಾನಕ್ಕೆ ಒಬ್ಬೊಬ್ಬರನ್ನೇ ಕರೆಯತೊಡಗಿದರು. ನನ್ನದು ಕಟ್ಟಕಡೆಯ ಸರದಿ. ನೀರು ಕುಡಿಯಲು ಹೊರಗೆ ಬಂದೆ. ಗೇಟಿನ ಬಳಿ, ರಣಬಿಸಿಲಿನಲ್ಲಿ, ನನ್ನ ಗಂಡ ನೆಟ್ಟಗೆ ನಿಂತಿದ್ದರು, ಎರಡೂ ಕೈಯಲ್ಲಿ ಗಂಟು ಕಟ್ಟಿದ ಟವೆಲ್ ಹಿಡಿದುಕೊಂಡು. ಬಸ್ಸಿಗೆ ಕಾಯುತ್ತಿದ್ದ ಹುಡುಗಿಯರು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಗುತ್ತಿದ್ದರು.

"ಏನ್ರೀ ಇದು?"

"ನಿನ್ನ ಉಡಿ. ಗಂಡಸಿಗೆ ಹೆಂಗ ತುಂಬಲಿ ಅಂತ ಚಿಗವ್ವ ಜಗಳಾ ತಗದ್ಲು. ನಾನ ಟವೆಲ್ ಹಾಸ್ಕೊಂಡು ಮಣಿ ಮ್ಯಾಲ ಕುಂತೆ."

"ಬಂದು ಎಷ್ಟೊತ್ತಾತು? ನೆಳ್ಳಿಗರ ನಿಂದರಬಾರದಾ?"

"ಪರೀಕ್ಷಿ ನಡದದ, ಒಳಗ ಬಿಡಂಗಿಲ್ಲ ಅಂದ್ರು. ಚಿಗವ್ವ ಕೆಳಗ ಇಡಬ್ಯಾಡ ಅಂದಾಳ."

"ಕುಂದರಬ್ಯಾಡ ಅಂದಿದ್ಲಾ?"

"ಕುಂದ್ರು ಅಂತನೂ ಅಂದಿಲ್ಲಲ್ಲ."

ಇಂಥ ಮನುಷ್ಯನ ಜೊತೆ ಜಗಳವಾಡುವುದಾದರೂ ಹೇಗೆ? ನನಗೂ ನಗು ಬಂತು. ಅವರು ಮಾತ್ರ ನಗಲಿಲ್ಲ. ನನ್ನ ಮುಖ ತಪ್ಪಿಸಿ, "ಯುನಿಟ್‌ನಿಂದ ಫೋನ್ ಬಂದಿತ್ತು. ರಜಾ ಕ್ಯಾನ್ಸಲ್. ಸಂಜಿ ಗಾಡಿಗೆ ಹೋಗಬೇಕು" ಎಂದರು.

ಎಲ್ಲರ ಮೇಲೂ ಸಿಟ್ಟು ಬಂತು. ಆ ಯುನಿಟ್ಟಿನ ಮೇಲೆ, ಎಲಡಿಕೆ ಅಗಿಯುತ್ತ ಕೂತ ಪರೀಕ್ಷಕರ ಮೇಲೆ, ನನ್ನ ಮೇಲೆ. ಬೆಳಿಗ್ಗೆಯಿಡೀ ಬೆಂಚಿನ ಮೇಲೆ ನೊಣ ಹೊಡೆಯುತ್ತ ಕೂತಿದ್ದೆನಲ್ಲ, ಮಾನ್ವಿಗೆ ಹೋಗಿ ಇವರ ಪಕ್ಕದಲ್ಲಿ ಕೂತು ಉಂಡು ಬರಬಹುದಿತ್ತು! ಕಣ್ಣಲ್ಲಿ ನೀರು ಬಂತು.

"ನಡೀರಿ, ನಾನೂ ಬರ್ತೀನಿ" ಎಂದೆ.

"ಹುಚ್ಚಿ ಏನು? ಒಳಗ ಹೋಗು." ಅವರು ಟವೆಲ್ ಚಾಚಿದರು. "ಇದೊಂದು ಹಿಡಕೋ, ನನ್ನ ಡ್ಯೂಟಿ ಮುಗೀತದ."

ಒಳಗಿನಿಂದ ನನ್ನ ಹೆಸರು ಕೂಗಿದರು. ನಾನು ಸೆರಗೊಡ್ಡಿದೆ, ಅವರು ಗಂಟು ಬಿಚ್ಚಿ ಸುರಿದರು. "ಸ್ಟೇಷನ್ನಿಗೆ ಬರ್ತೀನಿ. ನನ್ನ ಮಾರಿ ನೋಡದ ಗಾಡಿ ಹತ್ತಿದ್ರ ನೋಡ್ರಿ ಮತ್ತ!" ಎಂದು ಓಡಿದೆ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪರೀಕ್ಷಕರ ಎದುರು ಕೂಡುವಾಗ ನಾಲ್ಕು ಅಕ್ಕಿಕಾಳು ಮೇಜಿನ ಮೇಲೆ ಉದುರಿದವು. ಅವರು ಕಾಳು ನೋಡಿದರು, ಆಮೇಲೆ ನನ್ನ ಉಡಿ ನೋಡಿದರು. "ಏನಮ್ಮಾ ಅದು? ಪಕ್ಕಕ್ಕೆ ಇಟ್ಟು ಆರಾಮಾಗಿ ಕೂತ್ಕೊಳ್ಳಿ."

"ಕೆಳಗ ಇಡಂಗಿಲ್ಲ ರೀ ಸರ್. ನಮ್ಮ ಮನಿಯವರು ಸಂಜಿ ಗಾಡಿಗೆ ಹೊಂಟಾರ, ಲಗೂನ ಪ್ರಶ್ನಿ ಕೇಳ್ರಿ" ಎಂದೆ. "ನನಗ ಎಲ್ಲಾ ಬರ್ತದ."