ನಗಿಸಲು ಬರೆದ ಗಾಡಿ ಪ್ರಯಾಣ

ಹುಮನಾಬಾದಿನಲ್ಲಿ ಬಸ್ಸಿಳಿದಾಗ ಕಿವಿಗೆ ಬಿದ್ದ ಮೊದಲ ಮಾತು ನನಗೆ ಅರ್ಥವಾಗಲಿಲ್ಲ. ಅದು ಕನ್ನಡವೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

“ಹಳ್ಳ ತುಂಬ್ಯದ ಮಾಸ್ತರ. ಕಲ್ಯಾಣದ ಮೋಟಾರ್ ಬಂದ್ ಅದ. ಸಾಮಾನ ಗಾಡ್ಯಾಗ ಹಾಕ್ರಿ, ಜಲ್ದಿ.”

ನಮ್ಮವರಿಗೆ ಹಾಗೆ ಹೇಳಿದವನು ಕಲ್ಯಾಣದ ದಾರಿಯಲ್ಲಿರುವ ರಾಜೇಶ್ವರದ ಮಾರುತಿ. ಮಾಣಿಕನಗರದ ಅಂಗಡಿಗೆ ಬೆಲ್ಲ ಹಾಕಿ, ಹೆಂಡತಿ ತುಳಜಾಬಾಯಿಯ ಜೊತೆ ಖಾಲಿ ಗಾಡಿಯಲ್ಲಿ ಊರಿಗೆ ಹೊರಟಿದ್ದ. ರಾಜ್ಯ ಒಂದಾದ ಮರುವರ್ಷ ಅದು. ಈ ಕಡೆಯ ಶಾಲೆಗಳಿಗೆ ಕನ್ನಡ ಮಾಸ್ತರರು ಬೇಕೆಂದು ನಮ್ಮವರನ್ನು ಮೈಸೂರಿನಿಂದ ಬಸವಕಲ್ಯಾಣಕ್ಕೆ ಹಾಕಿದ್ದರು. ಮದುವೆಯಾಗಿ ಎಂಟು ತಿಂಗಳಾಗಿತ್ತು. ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ಕಾಫಿ ಫಿಲ್ಟರು, ಇಷ್ಟು ನನ್ನ ಸಂಸಾರ. ಮೋಟಾರು ಇಳಿಯಲಾರದ ನೀರಿನಲ್ಲಿ ಎತ್ತು ದಾಟುತ್ತದೆ, ಕಲ್ಯಾಣದ ತನಕ ಬಿಟ್ಟು ಬರುತ್ತೇನೆ ಎಂದು ಮಾರುತಿ ಧೈರ್ಯ ಹೇಳಿದ. ಹತ್ತಿದೆವು.

ಎತ್ತೂ ದಾಟಲಿಲ್ಲ. ಬಸ್ಸಿನಲ್ಲಿ ಒಂದು ತಾಸಿನ ದಾರಿಗೆ ನಮಗೆ ಎರಡೂವರೆ ದಿನ ಬೇಕಾಯಿತು. ಅದರಲ್ಲಿ ಒಂದೂವರೆ ದಿನ ಹಳ್ಳದ ದಂಡೆಯಲ್ಲೇ ಕಳೆಯಿತು. ಹೈಸ್ಕೂಲಿನಲ್ಲಿದ್ದಾಗ ಕಾವೇರಿ ದಂಡೆಯಲ್ಲಿ ಮೂರು ದಿನ ಕ್ಯಾಂಪು ಮಾಡಿದವಳು ನಾನು. ಅಲ್ಲಿ ಬಿಳಿ ಡೇರೆ, ಉಪ್ಪಿಟ್ಟು, ಸಂಜೆ ಹಾಡು ಎಲ್ಲ ಇತ್ತು. ಇಲ್ಲಿ ಕಪ್ಪು ಮಣ್ಣು ಚಪ್ಪಲಿಯನ್ನು ಕಿತ್ತುಕೊಂಡಿತು. ಕುಡಿಯುವ ನೀರು ಕೆಂಪಗಿತ್ತು, ಒದ್ದೆ ಕಟ್ಟಿಗೆಯ ಹೊಗೆಗೆ ಕಣ್ಣು ತೆರೆಯಲಾಗುತ್ತಿರಲಿಲ್ಲ. ತುಳಜಾಬಾಯಿ ಮೂರು ಕಲ್ಲು ಹೂಡಿ ಜೋಳದ ರೊಟ್ಟಿ ಬಡಿದು, ಶೇಂಗಾ ಹಿಂಡಿ ಇಟ್ಟು ಕೊಟ್ಟಳು. ಹಿಂಡಿ ಎಂದರೆ ನಮ್ಮ ಚಟ್ನಿಪುಡಿಯ ಒರಟು ತಂಗಿ. ಅವಳ ಕೈಯ ಊಟ ತಿನ್ನಲು ನಾನು ಒಂದು ಹೊತ್ತು ಹಿಂದೆಮುಂದೆ ನೋಡಿದೆ. ಎರಡನೆಯ ಹೊತ್ತಿಗೆ ಹಸಿವು ಗೆದ್ದಿತು.

“ತಿನ್ನು ತಂಗಿ, ನೀ ಹಿಂಗ ಉಪಾಸ ಕುಂತ್ರ ಹಳ್ಳ ಏನ್ ಇಳಿತದೇನು?” ಎಂದು ನಕ್ಕಳು.

ಮೊದಲ ಭೇಟಿಯಲ್ಲೇ ‘ನೀ’. ನಮ್ಮ ಕಡೆ ಮನೆಗೆಲಸದವಳು ಹಾಗೆ ಕರೆದರೆ ಮರುದಿನ ಕೆಲಸಕ್ಕಿರುವುದಿಲ್ಲ. ನಾನು ಮುಖ ತಿರುಗಿಸಿದೆ.

ಸಂಜೆ ಮತ್ತೆ ಮಳೆ ಹಿಡಿಯಿತು. ನಮ್ಮ ಹಾಸಿಗೆ ಸುರುಳಿ ತೊಯ್ದು ಹೋಗಿತ್ತು, ನನಗೆ ಚಳಿಜ್ವರ ಬಂದಿತ್ತು. ತುಳಜಾಬಾಯಿ ಗಾಡಿಯ ಮೂಲೆಯಲ್ಲಿ ತಟ್ಟಿನೊಳಗೆ ಸುತ್ತಿಟ್ಟಿದ್ದ ಕೌದಿ ತೆಗೆದಳು. ಹಳೆ ಸೀರೆಯ ತುಂಡುಗಳನ್ನು ಪದರು ಪದರಾಗಿ ಹೊಲಿದ ಹೊದಿಕೆ ಅದು. ಮಾರುತಿ ಏನೋ ಹೇಳಲು ಬಾಯಿ ತೆರೆದ. ಅವಳು ಅವನ ಕಡೆ ನೋಡಲಿಲ್ಲ. ಕೌದಿಯನ್ನು ನನಗೆ ಹೊದಿಸಿ, ತಾನು ಗೋಣಿಚೀಲ ಹೊದ್ದು ಕೂತಳು. ಕೌದಿ ವಾಸನೆ ಹೊಡೆಯುತ್ತಿತ್ತು. ಹುಳಿ ಹಾಲು, ಎಣ್ಣೆ, ಉಚ್ಚೆ ಎಲ್ಲ ಕೂಡಿದ ವಾಸನೆ. ನಾನು ಮೂಗಿಗೆ ಸೆರಗು ಒತ್ತಿಕೊಂಡೇ ಮಲಗಿದೆ.

ಕಲ್ಯಾಣ ಮುಟ್ಟಿದಾಗಲೂ ಜ್ವರ ಬಿಟ್ಟಿರಲಿಲ್ಲ. “ಇರ್ಲಿ ತಂಗಿ, ಸಂತಿಗಿ ಬಂದಾಗ ಒಯ್ತೀನಿ” ಎಂದು ಕೌದಿ ಬಿಟ್ಟು ಹೋದಳು. ಮೈ ಸರಿಹೋದ ಮೇಲೆ ನಾನು ಅದನ್ನು ಸೋಡಾ ಹಾಕಿ ಕುದಿಸಿ, ಸೋಪು ಹಚ್ಚಿ ಮೂರು ಸಲ ಒಗೆದು, ಬಿಸಿಲಿಗೆ ಹಾಕಿ, ಮಡಿಚಿ ಇಟ್ಟೆ. ಮುಂದಿನ ಸಂತೆಯ ದಿನ ಅವಳ ಕೈಗೆ ಕೊಟ್ಟೆ. ಅವಳು ತುಸು ಹೊತ್ತು ಕೌದಿಯನ್ನು ಮುಖದ ಹತ್ತಿರ ಹಿಡಿದಿದ್ದಳು. ಸೋಪಿನ ಪರಿಮಳ ಅವಳಿಗೆ ಹಿಡಿಸಿತೆಂದು ನಾನು ಸಂತೋಷಪಟ್ಟೆ.

ಆ ವರ್ಷ ಈ ಊರಿನಲ್ಲಿ ನನ್ನ ಜೊತೆ ಮಾತಾಡಿದವಳು ಅವಳೊಬ್ಬಳೇ ಎಂದರೂ ನಡೆಯುತ್ತದೆ. ಬಾಡಿಗೆ ಮನೆಯ ಮಾಳಿಗೆ ಮಣ್ಣಿನದು, ಮಳೆ ಬಂದರೆ ಅನ್ನದ ತಟ್ಟೆಗೆ ಮಣ್ಣು ಬೀಳುತ್ತಿತ್ತು. ಮನೆಯೊಡತಿ ಉರ್ದುವಿನಲ್ಲಿ ಕೇಳುತ್ತಿದ್ದಳು, ನಾನು ತಲೆಯಾಡಿಸುತ್ತಿದ್ದೆ. ಅಂಗಡಿಯವರು ಮರಾಠಿಯಲ್ಲಿ ಲೆಕ್ಕ ಹೇಳುತ್ತಿದ್ದರು. ಮೈಸೂರಿನಲ್ಲಿ ಬಾಗಿಲಿಗೆ ಬರುತ್ತಿದ್ದ ಹಾಲಿಗೆ ಇಲ್ಲಿ ಎರಡು ಓಣಿ ದಾಟಿ ಹೋಗಬೇಕು. ಸಂತೆಯ ದಿನ ತುಳಜಾಬಾಯಿ ಬಂದು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದನ್ನು ಕಲಿಸಿದಳು. ನನ್ನ ರೊಟ್ಟಿ ಹರಿದಾಗೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದಳು. ಒಂದು ದಿನ ಅದು ಹರಿಯದೆ ಉಬ್ಬಿತು. “ಈಗ ನೀ ಕಲ್ಯಾಣದಾಕಿ ಆದಿ” ಎಂದಳು. ಅಂಥ ಸರ್ಟಿಫಿಕೇಟು ನನಗೆ ಆಮೇಲೆ ಯಾರೂ ಕೊಡಲಿಲ್ಲ.

ಅದೇ ವಾರ ನಾನು ಮೈಸೂರಿನ ಪತ್ರಿಕೆಯೊಂದಕ್ಕೆ ಗಾಡಿ ಪ್ರಯಾಣದ ಲೇಖನ ಬರೆದು ಕಳಿಸಿದ್ದೆ. ಹಳ್ಳದ ದಂಡೆಯೂ ಒಂದು ಕ್ಯಾಂಪು ಎಂಬಂತೆ, ಅದರ ಮೇಲ್ವಿಚಾರಕರಿಗೆ ಬರೆದ ದೂರಿನ ಅರ್ಜಿಯಾಗಿ ಅದನ್ನು ಹೆಣೆದಿದ್ದೆ. ಮಾನ್ಯರೇ, ತಮ್ಮ ಶಿಬಿರದಲ್ಲಿ ಡೇರೆ ಇಲ್ಲ. ಬಿಸಿನೀರು ಇಲ್ಲ, ತಣ್ಣೀರಿನಲ್ಲಿ ಅರ್ಧ ಮಣ್ಣು. ರೊಟ್ಟಿಯಿಂದ ಬೇಕಾದರೆ ಮನೆ ಹೊದಿಸಬಹುದು. ಅಡುಗೆಯವಳು ಅತಿಥಿಗಳನ್ನು ಏಕವಚನದಲ್ಲಿ ವಿಚಾರಿಸಿಕೊಳ್ಳುತ್ತಾಳೆ. ಕೊಟ್ಟ ಹೊದಿಕೆಯಲ್ಲಿ ಮೂರು ತಲೆಮಾರಿನ ನಾತವಿದ್ದು, ನಾನು ಮೂರು ಸಲ ಒಗೆದು, ತಲೆಮಾರಿಗೆ ಒಂದರಂತೆ ಕಳೆದಿದ್ದೇನೆ. ಹೀಗೆ ಎರಡು ಪುಟ. ಬರೆಯುವಾಗ ನಾನೇ ನಕ್ಕಿದ್ದೆ.

ಅಚ್ಚಾಗಿ ಬಂತು. ಮೈಸೂರಿನಿಂದ ಕಾಗದಗಳು ಬಂದವು. ನಮ್ಮವರು ಹೆಮ್ಮೆಯಿಂದ ಪತ್ರಿಕೆಯನ್ನು ಶಾಲೆಗೆ ಒಯ್ದರು. ಅಲ್ಲಿ ರಾಜೇಶ್ವರದವರೇ ಆದ ಮಾಸ್ತರರೊಬ್ಬರು ಅದನ್ನು ಕೇಳಿ ಪಡೆದು, ತಮ್ಮೂರಿನ ಕಟ್ಟೆಯಲ್ಲಿ ಗಟ್ಟಿಯಾಗಿ ಓದಿದರಂತೆ. ಹೆಸರು ಹಾಕಿರದಿದ್ದರೂ ಯಾರ ಗಾಡಿ ಎಂದು ಊರಿಗೆ ತಿಳಿಯದೆ ಇದ್ದೀತೇ. ಎಲ್ಲರೂ ನಕ್ಕರಂತೆ. ಹಿಂದೆ ನಿಂತಿದ್ದ ತುಳಜಾಬಾಯಿ ಮಾತ್ರ, “ಆ ಕೌದಿ ಮಾತು ಮತ್ತೊಮ್ಮಿ ಓದ್ರಿ” ಎಂದಳಂತೆ. ಇದನ್ನು ಆ ಮಾಸ್ತರರೇ ನಗುನಗುತ್ತ ನನಗೆ ಹೇಳಿದರು.

ಮುಂದಿನ ಸಂತೆಗೆ ಅವಳು ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ನಾನೇ ಬಸ್ಸು ಹತ್ತಿ ರಾಜೇಶ್ವರಕ್ಕೆ ಹೋದೆ. ಅವಳು ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಎದ್ದು ಕಂಬಳಿ ಹಾಸಿದಳು, ಚಹಾ ಕಾಸಿ ತಂದಳು.

“ತಪ್ಪಾಯಿತು. ನಗಲಿ ಎಂದು ಬರೆದೆ” ಎಂದೆ.

“ತಪ್ಪೇನ್ರಿ ಬಾಯಿ. ನೀವು ಬರದದ್ದು ಖರೇನೇ ಅದ. ರೊಟ್ಟಿ ಬಿರಸೇ ಆಗಿದ್ವು, ನೀರೂ ಹೊಲಸೇ ಇತ್ತು.”

‘ನೀ’ ಹೋಗಿ ‘ನೀವು’ ಆಗಿತ್ತು, ‘ತಂಗಿ’ ಹೋಗಿ ಪರರ ಮನೆಯ ಅಮ್ಮನವರನ್ನು ಕರೆಯುವ ‘ಬಾಯಿ’ ಆಗಿತ್ತು. ಚಹಾದ ಬಟ್ಟಲನ್ನು ಕೆಳಗಿಟ್ಟೆ.

“ಮತ್ತೆ ಕೌದಿ?”

ಅವಳು ಮೊರವನ್ನು ಕೆಳಗಿಟ್ಟಳು. “ನನ್ನ ಕೂಸು ಅದರಾಗ ಮಲಗ್ತಿತ್ತ್ರಿ. ನೀವು ಬರೋದಕ್ಕ ಎರಡು ತಿಂಗಳ ಮೊದಲ ಹೋತು. ಅದರ ವಾಸನಿ ಕೌದ್ಯಾಗ ಉಳದಿತ್ತು. ಅದಕ್ಕ ತೊಳದಿರಲಿಲ್ಲ. ಹೋದಲ್ಲಿ ಬಂದಲ್ಲಿ ಒಯ್ತಿದ್ದೆ.”

ಮಾರುತಿ ಬಾಯಿ ತೆರೆದು ಮುಚ್ಚಿದ್ದು ಆಗ ಅರ್ಥವಾಯಿತು. “ಕೊಟ್ಟ ದಿನವೇ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ. ತಪ್ಪನ್ನು ಅವಳ ಕಡೆಗೆ ಸ್ವಲ್ಪವಾದರೂ ಸರಿಸುವ ಆಸೆ ಅದರಲ್ಲಿತ್ತು ಎಂದು ಈಗ ಒಪ್ಪುತ್ತೇನೆ.

“ಥಂಡ್ಯಾಗ ನಡಗಾಕತ್ತಿದ್ರಿ. ಹೇಳಿದ್ರ ಹೊಚ್ಚಗೋತಿದ್ರೇನು? ತೊಳದು ತಂದಾಗ ಖುಷಿಯಿಂದ ಕೊಟ್ರಿ. ಆವಾಗ ಏನಂತ ಹೇಳಲಿ?” ಎಂದು ಮತ್ತೆ ಮೊರ ಕೈಗೆತ್ತಿಕೊಂಡಳು. “ಆದ್ರ ಮಂದಿ ನಗೂವಾಗ ಸಂಕಟಾತ್ರಿ. ಅವರಿಗಿ ಗೊತ್ತಿತ್ತು, ಯಾರ ಕೌದಿ ಅಂತ. ಆದ್ರೂ ನಕ್ಕರು. ನಿಮ್ಮ ಬರವಣಿಗಿ ಹಂಗ ಇತ್ತು.”

ನನ್ನ ಬರವಣಿಗೆಯನ್ನು ಯಾರೂ ಅಷ್ಟು ಸರಿಯಾಗಿ ಅಳೆದಿಲ್ಲ.

ನಡೆದದ್ದನ್ನೆಲ್ಲ ಇನ್ನೊಂದು ಲೇಖನವಾಗಿ ಬರೆದು ಅದೇ ಪತ್ರಿಕೆಗೆ ಕಳಿಸಿದೆ. ಓದುಗರು ನಿಮ್ಮಿಂದ ಹಾಸ್ಯ ಬಯಸುತ್ತಾರೆ ಎಂಬ ಚೀಟಿಯ ಜೊತೆ ವಾಪಸು ಬಂತು. ಆಮೇಲೆ ನಾನು ಬರೆಯುವುದನ್ನು ಬಿಟ್ಟೆ. ನಮ್ಮವರಿಗೆ ವರ್ಗವಾಗುವ ಅವಕಾಶ ಎರಡು ಸಲ ಬಂದಿತ್ತು. ಎರಡು ಸಲವೂ ಬೇಡ ಎಂದವಳು ನಾನೇ. ಯಾಕೆಂದು ಅವರು ಕೇಳಿದರು. ನಾನು ರೊಟ್ಟಿಗೆ ಹಿಟ್ಟು ನಾದಲು ಕೂತೆ.

ಈಚೆಗೆ, ಅಂದರೆ ಇಲ್ಲಿಗೆ ಬಂದು ಇಪ್ಪತ್ತೈದು ವರ್ಷ ಕಳೆದ ಮೇಲೆ, ಮೈಸೂರಿನಲ್ಲಿ ಅಣ್ಣನ ಮನೆಗೆ ಹೋಗಿದ್ದೆ. ಅವನ ಮಗಳು ಕಾಲೇಜಿನ ಕ್ಯಾಂಪಿನಿಂದ ಬಂದು ಸೊಳ್ಳೆ, ಡೇರೆ, ಸೀದ ಅನ್ನ ಎಂದು ಒಂದೇ ಸಮನೆ ದೂರುತ್ತಿದ್ದಳು. “ಇದೇನು ಮಹಾ, ನಿಮ್ಮತ್ತೆಯ ಗಾಡಿ ಕಥೆ ಕೇಳು” ಎಂದ ಅಣ್ಣ. ಹೇಳಿದೆ, ಈ ಸಲ ಕೂಸನ್ನೂ ಸೇರಿಸಿ. ಯಾರೂ ನಗಲಿಲ್ಲ. ಅತ್ತಿಗೆ ತಟ್ಟೆಗಳನ್ನು ಎತ್ತುತ್ತ, “ಮುಂಚೆ ಎಷ್ಟು ಚೆನ್ನಾಗಿ ಹೇಳ್ತಿದ್ರಿ, ಆ ಕಡೆ ಹೋಗಿ ಮಾತೇ ಒರಟಾಯ್ತು” ಎಂದರು.

ಹಿಂದಿರುಗುವಾಗ ಹುಮನಾಬಾದಿನಲ್ಲಿ ಕಲ್ಯಾಣದ ಬಸ್ಸು ಹತ್ತಿದೆ. ರಾಜೇಶ್ವರದಲ್ಲಿ ತುಳಜಾಬಾಯಿ ಹತ್ತಿದಳು. ಕೂದಲು ಬೆಳ್ಳಗಾಗಿತ್ತು. ನನ್ನ ಪಕ್ಕದ ಜಾಗವೊಂದೇ ಖಾಲಿ ಇತ್ತು. ಕೂತು, ಕೈಚೀಲವನ್ನು ನಮ್ಮಿಬ್ಬರ ನಡುವೆ ಇಟ್ಟಳು.

“ಆರಾಮ ಇದ್ದೀರೇನ್ರಿ ಬಾಯಿ? ಊರಿಂದ ಬಂದ್ರೋ, ಊರಿಗಿ ಹೊಂಟ್ರೋ?”

ಅವಳು ಚುಚ್ಚಲು ಕೇಳಿರಲಿಲ್ಲ, ಇಲ್ಲಿ ಎಲ್ಲರೂ ಕೇಳುವುದೇ ಹಾಗೆ. ನನ್ನ ಊರು ಮೈಸೂರೋ ಕಲ್ಯಾಣವೋ ಎಂದು ನಾನು ಲೆಕ್ಕ ಹಾಕುವಷ್ಟರಲ್ಲಿ ಕಂಡಕ್ಟರ್ ಬಂದ, ಅವಳು ಅವನ ಕಡೆ ತಿರುಗಿದಳು. ಕಲ್ಯಾಣ ಬಂದಾಗ ಚೀಲ ಎತ್ತಿಕೊಂಡು ನನಗಿಂತ ಮುಂಚೆ ಇಳಿದು ಸಂತೆಯ ಕಡೆ ನಡೆದಳು. ನಾನು ಇಳಿದು, ಯಾವ ಕಡೆಗೂ ಹೆಜ್ಜೆ ಇಡದೆ, ಬಸ್ಸು ಹೋಗುವ ತನಕ ಅಲ್ಲೇ ನಿಂತಿದ್ದೆ.